ಛತ್ರದ ಯಜಮಾನ

ಹಲಸೂರು, ಬೆಂಗಳೂರು
14 ಅಕ್ಟೋಬರ್ 2024

ಪ್ರಿಯ ಭಗವಂತರಾಯ,

ಹೋದ ತಿಂಗಳು ಫೋನಿನಲ್ಲಿ ನಾನು ಕೂಗಿದ್ದು ನಮ್ಮ ಬೀದಿಗೆಲ್ಲ ಕೇಳಿಸಿತು, ನಿನಗೊಬ್ಬನಿಗೆ ಕೇಳಿಸಲಿಲ್ಲ. ಇನ್ನು ಮೇಲೆ ಪತ್ರವೇ ಸೈ. ನಿನ್ನ ಕಿವಿಗಿಂತ ನಮ್ಮ ಪೋಸ್ಟ್‌ಮನ್ ವಾಸಿ.

ವಿಷಯ ತುರ್ತಿನದು. ನಮ್ಮ ಚರ್ಚಿನ ಕ್ರಿಸ್‌ಮಸ್ ನಾಟಕದಲ್ಲಿ ನನ್ನ ಪಾತ್ರಕ್ಕೆ ಕತ್ತರಿ ಬಿದ್ದಿದೆ. ಕೊರೊನಾದ ವರ್ಷವೊಂದನ್ನು ಬಿಟ್ಟು ಇಪ್ಪತ್ತೊಂಬತ್ತು ಸಲ ಬೇತ್ಲೆಹೇಮಿನ ಛತ್ರದ ಯಜಮಾನ ನಾನೇ ಎಂಬುದು ನಿನಗೆ ಗೊತ್ತು. ಯೋಸೇಫ ಬಾಗಿಲು ಬಡಿಯುತ್ತಾನೆ, ಮರಿಯಳು ಸೊಂಟ ಹಿಡಿದು ನಿಂತಿರುತ್ತಾಳೆ. ನಾನು ಲಾಟೀನು ಎತ್ತಿ ಇಬ್ಬರ ಮುಖವನ್ನೂ ನೋಡಿ, "ಸ್ಥಳವಿಲ್ಲ! ಮುಂದೆ ಹೋಗಿ!" ಎಂದು ಗದರಿ ದಢಾರನೆ ಬಾಗಿಲು ಹಾಕುತ್ತೇನೆ. ಇರುವುದು ಇಷ್ಟೇ ಮಾತು. ಅಷ್ಟಕ್ಕೇ ಮೊದಲ ಸಾಲಿನ ಮಕ್ಕಳು ಅಳಲು ಶುರು ಮಾಡುತ್ತವೆ. ರಸೆಲ್ ಮಾರುಕಟ್ಟೆಯ ಹೂವಿನ ಅಕ್ತರ್ ನನ್ನನ್ನು ಕರೆಯುವುದೇ "ನೋ ರೂಮ್ ಸಾಬ್" ಎಂದು.

ಈ ವರ್ಷ ನಾಟಕ ಬರೆಯುವ ಕೆಲಸವನ್ನು ಸಮಿತಿಯವರು ರಶ್ಮಿಗೆ ಕೊಟ್ಟಿದ್ದಾರೆ. ದೊಮ್ಮಲೂರಿನ ಸುಜಾತಾಳ ಮಗಳು. ನೀನು ಪಾಠ ಮಾಡುತ್ತಿದ್ದ ದೇವಶಾಸ್ತ್ರದ ಕಾಲೇಜಿನಲ್ಲೇ ಈಗ ಗ್ರೀಕ್ ಓದುತ್ತಿದ್ದಾಳೆ. ಓದಲಿ, ನಾನೇನು ಬೇಡ ಎಂದೆನೇ? ಮೊನ್ನೆ ಭಾನುವಾರ ಆರಾಧನೆ ಮುಗಿದ ಮೇಲೆ ಟೀ ಲೋಟ ಹಿಡಿದುಕೊಂಡು ಬಂದು, "ಅಂಕಲ್, ಒಂದ್ ವಿಷ್ಯ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಲೂಕನ ಸುವಾರ್ತೆಲಿ ಛತ್ರದ ಯಜಮಾನ ಅನ್ನೋನೇ ಇಲ್ಲ. ಛತ್ರ ಇತ್ತಾ ಅನ್ನೋದೂ ಡೌಟೇ," ಎಂದಳು. ಅಲ್ಲಿರುವುದು ಕತಾಲುಮ ಎಂಬ ಗ್ರೀಕ್ ಪದವಂತೆ. ಮನೆಯಲ್ಲಿ ನೆಂಟರಿಗೆ ಬಿಟ್ಟುಕೊಡುವ ಕೋಣೆ ಎಂದು ಅದರ ಅರ್ಥವಂತೆ.

"ಹಂಗಾದ್ರೆ ಇಷ್ಟ್ ವರ್ಷ ನಾನ್ಯಾರಮ್ಮ?" ಎಂದೆ.

"ನೀವು ಟ್ರೆಡಿಷನ್ ಅಂಕಲ್," ಎಂದಳು.

ನೋಡಿದೆಯಾ ಧಿಮಾಕು? ನಮ್ಮ ಸತ್ಯವೇದವನ್ನು ಕನ್ನಡಕ್ಕೆ ತಂದ ಹಿರಿಯರು ಛತ್ರ ಎಂದು ಬರೆದಿದ್ದಾರೆ. ಅವರೇನು ಕಿವಿಯಲ್ಲಿ ಹೂ ಇಟ್ಟುಕೊಂಡಿದ್ದರೇ? ಸಮಿತಿಯಲ್ಲಿ ನಿನ್ನ ಮಾತಿಗೆ ಎದುರಿಲ್ಲ. ಛತ್ರವೇ ಸರಿ ಎಂದು ಎರಡು ಸಾಲು ಬರೆದು, ಕೆಳಗೆ ರೆವರೆಂಡ್ ಎಂದು ದೊಡ್ಡದಾಗಿ ಸಹಿ ಹಾಕಿ ಕಳಿಸು. ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ.

ಕ್ರಿಸ್‌ಮಸ್‌ಗೆ ಬಾ. ಮಹಡಿ ಕೋಣೆಗೆ ಸುಣ್ಣ ಬಳಿಸಿ ಹೊಸ ಫ್ಯಾನು ಹಾಕಿಸಿದ್ದೇನೆ. ಖಾಲಿ ಇದೆ, ಯಾರ ಕಾಟವೂ ಇರುವುದಿಲ್ಲ. ವಿಮಲಾ ನಿನಗೆ ನಮಸ್ಕಾರ ತಿಳಿಸಲು ಹೇಳಿದ್ದಾಳೆ.

ನಿನ್ನ,
ತಿಮೊಥಿ


ಭಾಲ್ಕಿ, ಬೀದರ್ ಜಿಲ್ಲೆ
26 ಅಕ್ಟೋಬರ್ 2024

ಪ್ರಿಯ ತಿಮೊಥಿ,

ತಿಮೊಥೆಯನಿಗೆ ಪತ್ರ ಬರೆದು ಬುದ್ಧಿ ಹೇಳುವ ಕೆಲಸವನ್ನು ನನಗಿಂತ ಮೊದಲೇ ಸತ್ಯವೇದದಲ್ಲಿ ಅಪೊಸ್ತಲರೊಬ್ಬರು ಮಾಡಿದ್ದಾರೆ, ಅದೂ ಎರಡು ಸಲ. ಅವರು ಬರೆದದ್ದೂ ಗ್ರೀಕಿನಲ್ಲೇ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದ್ದರಿಂದ ಅರ್ಥವಾಗಲಿಲ್ಲ ಎಂದು ನೀನು ಜಾರಿಕೊಳ್ಳುವಂತಿಲ್ಲ.

ಹುಡುಗಿ ಹೇಳಿದ್ದು ಸರಿ. ನೀನು ಕೇಳಿದ ಎರಡು ಸಾಲು ನನ್ನಿಂದ ಬರೆಯಲಾಗದು.

ಕತಾಲುಮ ಎಂದರೆ ಪ್ರಯಾಣಿಕ ಗಂಟು ಬಿಚ್ಚಿ, ಕತ್ತೆಯ ಹಗ್ಗ ಸಡಿಲಿಸಿ, ಇಳಿದುಕೊಳ್ಳುವ ಜಾಗ. ಮದುವೆಯಲ್ಲಿ ಬೀಗರಿಗೆ ಬಿಡದಿ ಎಂದು ಕೊಡುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಲೂಕ ಈ ಪದವನ್ನು ಇನ್ನೊಂದು ಕಡೆಯೂ ಬಳಸುತ್ತಾನೆ. ಸ್ವಾಮಿ ಶಿಷ್ಯರೊಂದಿಗೆ ಕಡೆಯ ಊಟ ಮಾಡಿದ ಕೋಣೆಗೂ ಇದೇ ಹೆಸರು, ಮತ್ತು ಅದು ಒಬ್ಬರ ಮನೆಯ ಮೇಲಂತಸ್ತಿನ ಕೋಣೆ. ನಿಜವಾದ ಛತ್ರ ಬೇಕಾದಾಗ ಅವನ ಹತ್ತಿರ ಬೇರೆಯೇ ಪದವಿದೆ. ಸ್ವಾಮಿ ಹೇಳಿದ ಕಥೆಯಲ್ಲಿ ಒಳ್ಳೆಯ ಸಮಾರ್ಯದವನು ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಒಯ್ದದ್ದು ಛತ್ರಕ್ಕೆ. ಅಲ್ಲಿ ಯಜಮಾನನೂ ಇದ್ದಾನೆ, ಮತ್ತು ಅವನು ಯಾರನ್ನೂ ಓಡಿಸುವುದಿಲ್ಲ. ಬೇಕಾದರೆ ಆ ಪಾತ್ರ ಕೇಳು, ನನ್ನ ಅಡ್ಡಿಯಿಲ್ಲ.

ಛತ್ರ ಎಂದು ಬರೆದ ಹಿರಿಯರನ್ನು ನಾನು ದೂರುವುದಿಲ್ಲ. ತಂಗುವ ಜಾಗ ಎಂಬ ಅಗಲವಾದ ಅರ್ಥವೂ ಆ ಪದಕ್ಕೆ ಉಂಟು. ಆದರೆ ಕಥೆಯನ್ನು ಯೋಚಿಸು. ಯೋಸೇಫ ಬಂದದ್ದು ತನ್ನ ಪೂರ್ವಜರ ಊರಿಗೆ. ಬಸುರಿ ಹೆಂಗಸನ್ನು ಕರೆದುಕೊಂಡು ಸ್ವಂತ ಜನರ ಊರಿಗೆ ಬಂದವನು ಛತ್ರ ಹುಡುಕುತ್ತಾನೆಯೇ? ಯಾರೋ ದಾಯಾದಿಯ ಮನೆಗೆ ಬಂದಿದ್ದಾರೆ, ಆ ಮನೆಯ ನೆಂಟರ ಕೋಣೆ ಆಗಲೇ ತುಂಬಿದೆ. ಆದ್ದರಿಂದ ಮಗುವನ್ನು ಗೋದಲಿಯಲ್ಲಿ ಮಲಗಿಸಿದರು.

ಗೋದಲಿ ಎಂದ ಕೂಡಲೇ ನೀವು ಬೆಂಗಳೂರಿನವರು ಊರ ಹೊರಗೆ ಒಂದು ಕೊಟ್ಟಿಗೆ ಕಟ್ಟಿ, ಮೇಲೆ ಹತ್ತಿಯ ಹಿಮ ಸುರಿಸುತ್ತೀರಿ. ನಮ್ಮ ಕಡೆಯ ಹಳೆಯ ಮನೆ ನೋಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ತಲೆಬಾಗಿಲು ದಾಟಿದರೆ ಮೊದಲು ಎತ್ತು, ಆಕಳು. ಎರಡು ಮೆಟ್ಟಿಲು ಹತ್ತಿದರೆ ಅದೇ ಸೂರಿನ ಕೆಳಗೆ ನಾವು. ನಡುವೆ ಗ್ವಾದಲಿ, ದನಕ್ಕೆ ಮೇವು ಹಾಕುವ ತೊಟ್ಟಿ. ನನ್ನ ತಮ್ಮ ಹುಟ್ಟಿದ್ದು ಅದರ ಪಕ್ಕದಲ್ಲೇ, ಮನೆಯಲ್ಲಿ ಅಷ್ಟು ಬೆಚ್ಚಗಿನ ಜಾಗ ಮತ್ತೊಂದಿರಲಿಲ್ಲ. ಅವನನ್ನು ಯಾರೂ ಹೊರಗೆ ಹಾಕಿರಲಿಲ್ಲ.

ಈ ಪತ್ರವನ್ನು ಸಮಿತಿಗೆ ಓದಿ ಹೇಳು. ನಿನಗೆ ಬೇಸರವಾಗುತ್ತದೆ ಎಂದು ಗೊತ್ತು, ಬರೆಯುವಾಗ ನನಗೂ ಆಯಿತು.

ಕ್ರಿಸ್‌ಮಸ್‌ಗೆ ಬರುವುದು ಅನುಮಾನ. ಬಂದರೂ ಎಂದಿನಂತೆ ಕಾಲೇಜಿನ ಅತಿಥಿಗೃಹದಲ್ಲಿ ಇಳಿದುಕೊಳ್ಳುತ್ತೇನೆ. ಈ ಮಂಡಿಗೆ ನಿಮ್ಮ ಮಹಡಿ ಮೆಟ್ಟಿಲು ಆಗಿಬರುವುದಿಲ್ಲ.

ಪ್ರೀತಿಯಿಂದ,
ಭಗವಂತರಾಯ


ಹಲಸೂರು
9 ನವೆಂಬರ್ 2024

ಮಾನ್ಯ ರೆವರೆಂಡ್ ಭಗವಂತರಾಯರಿಗೆ,

ತಮ್ಮ ಪತ್ರ ತಲುಪಿತು. ನಾಲ್ಕು ದಿನ ಅದನ್ನು ಯಾರಿಗೂ ತೋರಿಸಲಿಲ್ಲ. ಐದನೆಯ ದಿನ ವಿಮಲಾ ನನ್ನ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಸಿಕ್ಕಿತು. ಓದಿ, "ನಿಜ ಹೇಳಿದ್ರೆ ಮುಖ ಊದಿಸ್ಕೊಂಡ್ ಕೂತಿದೀರಲ್ಲ, ನಿಮಗಿಂತ ಸಂಡೇ ಸ್ಕೂಲ್ ಮಕ್ಳೇ ವಾಸಿ ಕಣ್ರೀ," ಎಂದಳು. ಆದ್ದರಿಂದ ತಮ್ಮ ಅಪ್ಪಣೆಯಂತೆ ಸಮಿತಿಗೆ ಓದಿ ಹೇಳಿದೆ. ರಶ್ಮಿಗೆ ಕಣ್ಣಲ್ಲಿ ನೀರೇ ಬಂತು. ಅವಳು ನನಗೆ ಹೊಸ ಪಾತ್ರ ಬರೆದುಕೊಟ್ಟಿದ್ದಾಳೆ, ಮನೆಯ ಯಜಮಾನನದು. ಅವನು ಬಾಗಿಲು ತೆರೆದು, "ನೆಂಟರ ಕೋಣೆ ಭರ್ತಿಯಾಗಿದೆ, ಆದರೂ ಒಳಗೆ ಬನ್ನಿ" ಎನ್ನಬೇಕಂತೆ. ನನ್ನಿಂದ ಆಗುವುದಿಲ್ಲ ಎಂದು ಹೇಳಿ ಬಂದಿದ್ದೇನೆ.

ತಾವು ಎಂದು ಬರೆದು ಬರೆದು ಕೈ ನೋಯುತ್ತಿದೆ. ಭಗವಂತ, ನಿನ್ನನ್ನು ಒಂದು ವಿಷಯ ಕೇಳಬೇಕು. ನಲವತ್ತೊಂಬತ್ತು ವರ್ಷದಿಂದ ಕೇಳದೆ ಬಿಟ್ಟಿದ್ದು.

1975ರ ಜೂನ್. ನೀನು ಕಾಲೇಜಿಗೆ ಸೇರಲು ಬಂದೆ. ಹಾಸ್ಟೆಲ್ ತೆರೆಯಲು ಇನ್ನೂ ಒಂದು ವಾರವಿತ್ತು. ನಿಮ್ಮ ಪಾಸ್ಟರ್ ಬರೆದ ಕಾಗದ ಹಿಡಿದು ನಾನೇ ಕಂಟೋನ್ಮೆಂಟ್ ಸ್ಟೇಷನ್ನಿಗೆ ಬಂದಿದ್ದೆ. ದಾರಿಯುದ್ದಕ್ಕೂ ನಮ್ಮ ಮಹಡಿ ಕೋಣೆಯ ವರ್ಣನೆ ಮಾಡಿಕೊಂಡು ಬಂದೆ. ಕಿಟಕಿ ತೆರೆದರೆ ಹಲಸೂರು ಕೆರೆ ಕಾಣುತ್ತದೆ ಎಂದೆಲ್ಲ. ಮನೆಗೆ ಬಂದು ನೋಡಿದರೆ ನಮ್ಮ ಅಕ್ಕನ ಮದುವೆಗೆ ಗಂಡಿನ ಕಡೆಯವರು ಒಂದು ದಿನ ಮೊದಲೇ ಬಂದು ಮಹಡಿಯಲ್ಲಿ ಕೂತಿದ್ದರು. ಅಮ್ಮ ನಿನಗೆ ಹಿಂದಿನ ಅಂಕಣದಲ್ಲಿ, ಎಮ್ಮೆಗಳ ಪಕ್ಕ ಚಾಪೆ ಹಾಕಿದಳು. ನನಗೆ ನಾಚಿಕೆಯಾಗಿ ನಿನ್ನ ಮುಖ ನೋಡಲಾಗಲಿಲ್ಲ. ಚರ್ಚಿನ ಹಾಲಿನಲ್ಲಿ ಇಳಿದಿದ್ದ ಗಂಡಿನ ಕಡೆಯ ಹುಡುಗರೊಂದಿಗೆ ಮಲಗುತ್ತೇನೆಂದು ನೆಪ ಹೇಳಿ ಓಡಿಹೋದೆ.

ನೀನು ಹಾಸ್ಟೆಲ್ ಸೇರಿದ ಮೇಲೆ ಎಷ್ಟು ಸಲ ಕರೆದಿದ್ದೇನೆ ಹೇಳು. ಊಟಕ್ಕೆ ಬರುತ್ತೀ, ಅಮ್ಮ ತೀರಿಕೊಂಡಾಗ ಮೂರು ದಿನ ಬಂದು ಹೋಗಿ ಮಾಡಿದೆ. ಆದರೆ ಒಂದು ರಾತ್ರಿಯೂ ನಮ್ಮ ಮನೆಯಲ್ಲಿ ತಂಗಲಿಲ್ಲ. ಒಮ್ಮೆ ಎಮ್ಮೆಯ ಪಕ್ಕ ಮಲಗಿಸಿದವರ ಮನೆಗೆ ಯಾರು ತಾನೇ ಮತ್ತೆ ಬರುತ್ತಾರೆ? ನಿನ್ನದು ತಪ್ಪು ಎನ್ನುತ್ತಿಲ್ಲ.

1994ರಲ್ಲಿ ನಾಟಕ ಶುರುವಾದಾಗ ಛತ್ರದ ಯಜಮಾನನಾಗಲು ಯಾರೂ ಒಪ್ಪಲಿಲ್ಲ, ಕೆಟ್ಟವನ ಪಾತ್ರ ಎಂದು. ನಾನು ಕೈ ಎತ್ತಿದೆ. ಅದು ನನ್ನದೇ ಎನಿಸಿತು. ವರ್ಷಕ್ಕೊಮ್ಮೆ ಎಲ್ಲರ ಎದುರು ಬೈಸಿಕೊಂಡರೆ ಮನಸ್ಸು ಸ್ವಲ್ಪ ಹಗುರವಾಗುತ್ತಿತ್ತು. ಈಗ ನೀನು ಗ್ರೀಕ್ ತಂದು, ಅಂಥ ಯಜಮಾನನೇ ಇರಲಿಲ್ಲ ಎನ್ನುತ್ತೀ. ಬೇತ್ಲೆಹೇಮಿನಲ್ಲಿ ಇಲ್ಲದೆ ಇರಬಹುದು. ಹಲಸೂರಿನಲ್ಲಿ ಇದ್ದ.

ಉತ್ತರ ಬರೆಯಲೇಬೇಕು ಎಂದೇನಿಲ್ಲ.

ತಿಮೊಥಿ


ಭಾಲ್ಕಿ
18 ನವೆಂಬರ್ 2024

ತಿಮೊಥಿ,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಮೂರನೆಯ ಸಲ ಓದುವಾಗ ಅಳು ಬಂತು. ಇಷ್ಟು ವರ್ಷ ಇದನ್ನು ಒಬ್ಬನೇ ಹೊತ್ತುಕೊಂಡು ತಿರುಗಿದೆಯಲ್ಲ ಮಾರಾಯ.

ನೀನು ಓಡಿಹೋದ ಮೇಲೆ ಏನಾಯಿತು ಎಂದು ನಿನಗೆ ಗೊತ್ತಿದೆ ಎಂದೇ ನಾನು ತಿಳಿದಿದ್ದೆ. ನಿನ್ನ ತಾಯಿ ಹೇಳಿರುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಅದು ಹೇಳುವಂಥ ಸಂಗತಿಯೇ ಅನಿಸಿರಲಿಕ್ಕಿಲ್ಲ.

ಚಾಪೆ ಹಾಕಿ, ಅದರ ಮೇಲೆ ತಮ್ಮ ಹಳೆಯ ಸೀರೆಯ ಕೌದಿ ಹಾಸಿದರು. ನಾನು ಟ್ರಂಕು ಹಿಡಿದು ಸುಮ್ಮನೆ ನಿಂತಿದ್ದೆ. ಊರು ಬಿಟ್ಟು ಹೊರಗೆ ಬಂದದ್ದು ಅದೇ ಮೊದಲು. ನಿಮ್ಮ ಬೀದಿಯಲ್ಲಿ ತಮಿಳು, ಉರ್ದು, ಇಂಗ್ಲಿಷ್ ಎಲ್ಲ ಕೇಳಿ ತಲೆ ಕೆಟ್ಟಿತ್ತು. ನಾಳೆಯೇ ವಾಪಸ್ ಹೋಗಿಬಿಡಬೇಕು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ನಿನ್ನ ತಾಯಿ ನನ್ನ ಮುಖ ನೋಡಿ ಹೇಳಿದ ಮಾತು ಈಗಲೂ ಹಾಗೇ ನೆನಪಿದೆ: "ಮೇಲ್ಗಡೆ ಬೀಗ್ರವ್ರೆ ಕಣಪ್ಪ, ಅವ್ರು ನೆಂಟ್ರು. ನೀನ್ಯಾಕ್ ಅಲ್ಲೋಗ್ತೀಯ? ಬಾ, ನಮ್ ಜೊತೆ ಮಲ್ಕೋ, ಬೆಚ್ಗಿರ್ತದೆ."

ಗೋದಲಿಯ ಆ ಬದಿಗೆ ತಮ್ಮ ಚಾಪೆ ಹಾಕಿಕೊಂಡರು. ಒಂದು ಎಮ್ಮೆ ಗಬ್ಬವಾಗಿತ್ತು, ಅದಕ್ಕೇ ಅವರು ವಾರದಿಂದ ಅಲ್ಲೇ ಮಲಗುತ್ತಿದ್ದರಂತೆ. ನನ್ನ ಅವ್ವನ ಹೆಸರು ಕೇಳಿದರು, ನಮ್ಮ ಕಡೆ ರೊಟ್ಟಿ ಹೇಗೆ ತಟ್ಟುತ್ತಾರೆ ಎಂದು ಕೇಳಿದರು. ಮಾತಾಡುತ್ತಾ ನನಗೆ ನಿದ್ದೆ ಹತ್ತಿತು. ಬೆಳಗಿನ ಜಾವ ಎಮ್ಮೆ ಕರು ಹಾಕಿತು. ಕರುವನ್ನು ಎಳೆಯಲು ನಾನೂ ಕೈ ಹಚ್ಚಿದೆ, ಆ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ಆ ಹೊತ್ತಿಗೆ ಊರಿಗೆ ವಾಪಸ್ ಹೋಗುವ ಯೋಚನೆ ಹೋಗಿಬಿಟ್ಟಿತ್ತು. ಗಿಣ್ಣು ಕಾಯಿಸಿ ಮೊದಲ ತಟ್ಟೆ ನನಗೇ ಕೊಟ್ಟರು, ಬೀಗರಿಗೆ ಆಮೇಲೆ. ಇದನ್ನು ನಿನ್ನ ಅಕ್ಕನಿಗೆ ಮಾತ್ರ ಹೇಳಬೇಡ.

ಇನ್ನು ನನ್ನ ತಪ್ಪು. ಮಂಡಿನೋವು ಎಂದದ್ದು ಸುಳ್ಳು. ಇಲ್ಲಿ ದಿನಾ ಗುಡ್ಡ ಹತ್ತಿ ಇಳಿಯುತ್ತೇನೆ. ನೀನು ಕರೆದಾಗಲೆಲ್ಲ ಮಹಡಿ ಕೋಣೆ ತೋರಿಸುತ್ತಿದ್ದೆ. ಹೊಸ ಚಾದರ, ಪೊಟ್ಟಣ ಒಡೆಯದ ಸೋಪು, ಯಾರೂ ನಿನ್ನ ತಂಟೆಗೆ ಬರುವುದಿಲ್ಲ ಎಂಬ ಭರವಸೆ. ಓದಿ ರೆವರೆಂಡ್ ಆದ ಮೇಲೆ ಈ ಮನೆಯವರು ನನ್ನನ್ನು ನೆಂಟರ ಸಾಲಿಗೆ ಸೇರಿಸಿಬಿಟ್ಟರು ಎಂದುಕೊಂಡೆ. ನನಗೆ ಅದರಿಂದ ನೋವಾಗಿತ್ತು. ನೆಂಟನಾಗಿಯೇ ಇರುವುದಾದರೆ ಅತಿಥಿಗೃಹ ಸಾಕಲ್ಲ ಎಂದು ಅಲ್ಲಿಗೇ ಹೋಗುತ್ತಿದ್ದೆ. ಕೇಳಿಬಿಡಬಹುದಿತ್ತು. ಮೂವತ್ತೆಂಟು ವರ್ಷ ಬೇರೆಯವರಿಗೆ ಅರ್ಥ ಬಿಡಿಸಿ ಹೇಳಿದವನಿಗೆ ಗೆಳೆಯನ ಮನಸ್ಸಿನ ಅರ್ಥ ಕೇಳಲು ಬಾಯಿ ಬರಲಿಲ್ಲ.

ಒಂದು ಗುಟ್ಟು ಹೇಳುತ್ತೇನೆ. ಪ್ರತಿ ವರ್ಷ ಲೂಕನ ಎರಡನೆಯ ಅಧ್ಯಾಯಕ್ಕೆ ಬಂದಾಗ ತರಗತಿಯಲ್ಲಿ ನಿಮ್ಮ ಮನೆಯ ಕಥೆಯನ್ನೇ ಹೇಳುತ್ತಿದ್ದೆ, ಹೆಸರು ಬಿಟ್ಟು. ರಶ್ಮಿಗೆ ಈಗ ಪಾಠ ಮಾಡುತ್ತಿರುವವನು ನನ್ನ ವಿದ್ಯಾರ್ಥಿ. ಅವಳ ಟಿಪ್ಪಣಿಯಲ್ಲಿ ಎಲ್ಲಾದರೂ ಒಂದು ಎಮ್ಮೆ ಇದ್ದರೆ, ಅದು ನಿಮ್ಮದು.

ಆ ಪಾತ್ರ ಮಾಡು. ಅದು ನಿನ್ನದೇ.

ಭಗವಂತ


ಹಲಸೂರು
27 ಡಿಸೆಂಬರ್ 2024

ಭಗವಂತ,

ಒಂದು ತಿಂಗಳು ಪತ್ರವಿಲ್ಲ ಎಂದು ಬೈದುಕೊಂಡಿರುತ್ತೀ. ನಾಲ್ಕು ಸಲ ಬರೆಯಲು ಕೂತೆ. ಪ್ರತಿ ಸಲವೂ ಅಮ್ಮನ ಮಾತು ಬರೆದುಕೊಂಡು, ಅದನ್ನೇ ಓದಿಕೊಂಡು, ಎದ್ದುಬಿಟ್ಟೆ. ಅಕ್ಕನಿಗೆ ಗಿಣ್ಣಿನ ವಿಷಯ ಹೇಳಿಬಿಟ್ಟೆ, ಕ್ಷಮಿಸು. "ಅದಕ್ಕೇ ನಮ್ ಅತ್ತೆ ಅವತ್ತೆಲ್ಲಾ ಗುರ್ ಅಂತಿದ್ರು" ಎಂದು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಿನ್ನ ಪತ್ರ ಬಂದ ಭಾನುವಾರವೇ ರಶ್ಮಿಯನ್ನು ಕೇಳಿದೆ, ನಿನ್ನ ನೋಟ್ಸಿನಲ್ಲಿ ಎಮ್ಮೆ ಇದೆಯೇನಮ್ಮ ಎಂದು. ಬ್ಯಾಗಿನಿಂದ ತೆಗೆದು ತೋರಿಸಿದಳು. ಪುಟದ ಅಂಚಿನಲ್ಲಿ ಕೊಂಬು ಬರೆದು, ಪಕ್ಕದಲ್ಲಿ "ಎಮ್ಮೆ ಮನೆ, ಬೆಂಗಳೂರು" ಎಂದು ಬರೆದುಕೊಂಡಿದ್ದಾಳೆ. ಅದು ನಮ್ಮ ಮನೆ ಎಂದಾಗ ಪೆನ್ನು ತೆಗೆದು, ಬೆಂಗಳೂರು ಎಂಬುದನ್ನು ಹೊಡೆದುಹಾಕಿ ಹಲಸೂರು ಎಂದು ತಿದ್ದಿದಳು. ಪಾತ್ರ ಒಪ್ಪಿಕೊಂಡೆ ಎಂದು ಬೇರೆ ಹೇಳಬೇಕಾಗಿಲ್ಲ.

22ನೇ ತಾರೀಕು ಭಾನುವಾರ ಸಂಜೆ ನಾಟಕ. ಯೋಸೇಫ ನಮ್ಮ ನರೇಶ್, ಕೃಷ್ಣರಾಜಪುರದಿಂದ ಬರಬೇಕು. ಟ್ರಾಫಿಕ್ಕಿನಲ್ಲಿ ಸಿಕ್ಕಿ, ಗಡ್ಡ ಅಂಟಿಸಿಕೊಂಡೇ ಮೆಟ್ರೊದಲ್ಲಿ ಬಂದ. ಜನ ಕಿಕ್ಕಿರಿದಿದ್ದರು. ಅಕ್ತರ್ ಕೂಡ ಹೂವಿನ ಬುಟ್ಟಿಯೊಂದಿಗೆ ಹಿಂದೆ ನಿಂತಿದ್ದ.

ನರೇಶ್ ಬಾಗಿಲು ಬಡಿದ. ನಾನು ಬಾಗಿಲು ತೆಗೆದೆ, ಲಾಟೀನು ಎತ್ತಿದೆ, ಇಬ್ಬರ ಮುಖವನ್ನೂ ನೋಡಿದೆ. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ ಎಲ್ಲಿಗೆ ಹೋಗುತ್ತದೆ? "ಸ್ಥಳವಿಲ್ಲ!" ಎಂದು ಗರ್ಜಿಸಿಬಿಟ್ಟೆ.

ಪರದೆಯ ಸಂದಿಯಲ್ಲಿ ರಶ್ಮಿ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡಳು. ನರೇಶ್ ಗಾಬರಿಯಾಗಿ ಮರಿಯಳ ಕೈ ಹಿಡಿದು ನಿಜವಾಗಿಯೂ ವಾಪಸ್ ಹೊರಟ! ಅವನ ಬೆನ್ನು ನೋಡುತ್ತಿದ್ದಂತೆ ರಶ್ಮಿ ಬರೆದ ಮಾತು ಒಂದೂ ನೆನಪಿಗೆ ಬರಲಿಲ್ಲ. ಓಡಿಹೋಗಿ ಅವನ ಭುಜ ಹಿಡಿದು, "ಏಯ್, ಎಲ್ಲಿಗ್ ಹೊರಟ್ರಿ? ಮೇಲ್ಗಡೆ ನೆಂಟ್ರವ್ರೆ ಕಣಪ್ಪ. ನೀವ್ಯಾಕ್ ಅಲ್ಲೋಗ್ತೀರ? ಬನ್ನಿ, ನಮ್ ಜೊತೆ ಮಲ್ಕೊಳ್ಳಿ, ಬೆಚ್ಗಿರ್ತದೆ," ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ವಿಮಲಾ ಆಮೇಲೆ, "ಅತ್ತೆನೇ ಬಂದಂಗಾಯ್ತು," ಎಂದಳು.

ಮೊದಲ ಸಾಲಿನಲ್ಲಿ ಯಾರೂ ಅಳಲಿಲ್ಲ. ಮೂರು ವರ್ಷದ ಒಂದು ಪುಟಾಣಿ ಈ ಕರೆ ತನಗೂ ಸೇರಿದ್ದು ಎಂದುಕೊಂಡು ಮೆಟ್ಟಿಲು ಹತ್ತಿ ವೇದಿಕೆಗೆ ಬಂದುಬಿಟ್ಟಿತು. ಅದನ್ನು ನೋಡಿ ಇನ್ನೂ ಐದಾರು ಮಕ್ಕಳು. ಯಾರನ್ನೂ ಇಳಿಸಲಿಲ್ಲ. ಎಲ್ಲರನ್ನೂ ಗೋದಲಿಯ ಸುತ್ತ ಕೂರಿಸಿಕೊಂಡೇ ನಾಟಕ ಮುಗಿಸಿದೆವು. ಭಗವಂತ, ನನಗೆ ತುಂಬಾ ಸಂತೋಷವಾಗಿದೆ. ಇಷ್ಟನ್ನು ನಿನಗೆ ಹೇಳಬೇಕಿತ್ತು.

ನಿನ್ನ,
ತಿಮೊಥಿ


ಭಾಲ್ಕಿ
7 ಜನವರಿ 2025

ಪ್ರಿಯ ತಿಮೊಥಿ,

ನಿನ್ನ ಪತ್ರವನ್ನು ಇಲ್ಲಿನ ಸಭೆಯಲ್ಲಿ ಗಟ್ಟಿಯಾಗಿ ಓದಿದೆ. "ನಿಮ್ಮ ದೋಸ್ತ ಭಾಳ ಛಲೋ ಮನುಷ್ಯಾ ಇದ್ದಾನ್ರಿ," ಎಂದು ಒಬ್ಬ ಮುದುಕಿ ನನ್ನ ಕಿವಿಯಲ್ಲಿ ಕೂಗಿ ಹೇಳಿದಳು. ನಾನು ಆ ಬಗ್ಗೆ ಹೆಚ್ಚು ಚರ್ಚಿಸಲಿಲ್ಲ.

ಈ ಕಿವಿಯ ವಿಷಯವೇ. ಬೆಂಗಳೂರಿಗೆ ಬಂದರೆ ಅಳತೆ ತೆಗೆದು ಕಿವಿಯ ಮೆಷಿನ್ ಕೊಡುತ್ತಾರಂತೆ. ಫೆಬ್ರುವರಿ ಮೊದಲ ವಾರ, ನಾಲ್ಕು ದಿನ. ಕಾಲೇಜಿನ ಅತಿಥಿಗೃಹದಲ್ಲಿ ಕೋಣೆ ಇದೆ ಎಂದು ತಿಳಿಸಿದ್ದಾರೆ. ಅವರಿಗೆ ಇನ್ನೂ ಉತ್ತರ ಬರೆದಿಲ್ಲ.

ನೀನು ಕರೆಯುವ ತನಕ ಕಾಯಬಾರದು ಎಂದು ನಾನೇ ಕೇಳುತ್ತಿದ್ದೇನೆ. ಈ ವಯಸ್ಸಿನಲ್ಲೂ ಕೇಳಲು ಸಂಕೋಚವಾಗುತ್ತಿದೆ ನೋಡು. ನಿಮ್ಮ ಮನೆಯಲ್ಲಿ ಇರಬಹುದೇ?

ಭಗವಂತ


ಹಲಸೂರು
15 ಜನವರಿ 2025

ಭಗವಂತ,

ವಿಮಲಾಳ ತಂಗಿಯ ಸಂಸಾರ ಕೋಲಾರದಿಂದ ಬಂದಿದೆ. ಮೊಮ್ಮಗುವಿನ ದೀಕ್ಷಾಸ್ನಾನ ಮುಗಿಸಿಕೊಂಡು ಹೊರಡುವುದು ಫೆಬ್ರುವರಿ ಕೊನೆಗೆ. ಐದು ಜನ, ಎರಡು ಸೂಟ್‌ಕೇಸು, ಒಂದು ತೊಟ್ಟಿಲು. ಹೊಸ ಫ್ಯಾನಿನ ಗಾಳಿ ಅವರಿಗೇ ಸಲ್ಲಲಿ.

ಎಮ್ಮೆಗಳು ಹೋಗಿ ಮೂವತ್ತು ವರ್ಷದ ಮೇಲಾಯಿತು. ಆ ಅಂಕಣದಲ್ಲಿ ಈಗ ನಾನು ಮಲಗುತ್ತೇನೆ. ನಿನ್ನ ಹಾಸಿಗೆಯನ್ನು ನನ್ನದರ ಪಕ್ಕದಲ್ಲೇ ಹಾಕುತ್ತೇನೆ. ಬೆಳಿಗ್ಗೆ ಆರಕ್ಕೇ ವಿಮಲಾ ಪಕ್ಕದಲ್ಲೇ ಕುಕ್ಕರ್ ಇಡುತ್ತಾಳೆ, ಮಗು ಯಾವಾಗ ಬೇಕಾದರೂ ಅಳುತ್ತದೆ, ನಾನು ಗೊರಕೆ ಹೊಡೆಯುತ್ತೇನೆ. ಚಾದರ ಹಳೆಯದು.

ಮಹಡಿ ಕೋಣೆ ಭರ್ತಿಯಾಗಿದೆ. ಬಾ.

ತಿಮೊಥಿ